ವಾಟ, ಇಳಿಜಾರು ಮತ್ತು ಮೂರನೆಯ ಬಿಂದು

ಪ್ರೌಢಶಾಲೆಯ ಮಕ್ಕಳು ಮತ್ತು ಅವರ ತಂದೆತಾಯಂದಿರು ಸೇರಿದ್ದ ಸಭೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪವಿದು. ಕರಿಹಲಗೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಓದುವವರು ಪಕ್ಕದಲ್ಲಿ ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಂಡರೆ ಒಳ್ಳೆಯದು.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲೇ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರಿಗೆ ಒಂದು ಕೆಲಸ ಹಚ್ಚಿ ಹೊರಗೆ ಕಳಿಸಿದ್ದೇನೆ. ಈ ಸಭಾಭವನದ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಗೆಂದು ಸಿಮೆಂಟಿನ ಒಂದು ಇಳಿಜಾರು ದಾರಿ ಇದೆ, ನೀವೆಲ್ಲ ನೋಡಿದ್ದೀರಿ. ಇವತ್ತು ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅಲ್ಲಿ ಒಬ್ಬ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅವರ ಮಗಳು ಮೇಲಕ್ಕೆ ತಳ್ಳುತ್ತಿದ್ದರು. ಅರ್ಧ ದಾರಿಯೂ ಏರಲಿಲ್ಲ, ಕುರ್ಚಿ ಹಿಂದಕ್ಕೆ ಜಾರತೊಡಗಿತು. ನಾನು ಮತ್ತು ಇನ್ನೊಬ್ಬರು ಓಡಿಹೋಗಿ ಕೈಕೊಟ್ಟೆವು. ಆ ದಾರಿ ನಿಜವಾಗಿಯೂ ಕಡಿದಾಗಿದೆಯೋ, ನಮಗೆ ಹಾಗೆ ಅನಿಸಿತೋ? ಅನಿಸಿಕೆಯಿಂದ ಇದು ತೀರ್ಮಾನವಾಗುವುದಿಲ್ಲ, ಅಳೆಯಬೇಕು. ಹುಡುಗರು ಅಳೆದು ತರಲಿ. ಅಷ್ಟರಲ್ಲಿ ಅವರು ತರುವ ಸಂಖ್ಯೆಗಳನ್ನು ಹೇಗೆ ಓದಬೇಕು ಎಂಬುದನ್ನು ನಾವು ಮಾತಾಡಿಕೊಳ್ಳೋಣ.

ವಿಷಯ ನಿಮಗೆ ಗೊತ್ತಿರುವುದೇ. ಎರಡು ಬಿಂದು ಕೊಟ್ಟರೆ ಅವುಗಳ ಮೂಲಕ ಹಾದುಹೋಗುವ ಸರಳರೇಖೆಯ ಇಳಿಜಾರು ಎಷ್ಟು? ಪರೀಕ್ಷೆಯಲ್ಲಿ ಇದಕ್ಕೆ ಸಿಗುವುದು ಒಂದೋ ಎರಡೋ ಅಂಕ. ಸೂತ್ರ ಬಾಯಿಪಾಠ ಮಾಡಿದವರು ಅರ್ಧ ನಿಮಿಷದಲ್ಲಿ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ನನಗೆ ಅನಿಸುವುದೇನೆಂದರೆ, ಹತ್ತನೆಯ ತರಗತಿ ಮುಗಿಸಿ ಹೋಗುವ ಮಗು ಜೀವನವಿಡೀ ಬಳಸುವ ಗಣಿತದಲ್ಲಿ ಇದಕ್ಕಿಂತ ದೊಡ್ಡದು ಹೆಚ್ಚೇನೂ ಇಲ್ಲ. ಆದ್ದರಿಂದ ಆ ಅರ್ಧ ನಿಮಿಷದ ಕೆಲಸವನ್ನು ಇವತ್ತು ಒಂದು ಗಂಟೆ ಮಾಡೋಣ.

ಇದನ್ನು ನನಗೆ ಸರಿಯಾಗಿ ಕಲಿಸಿದವರು ಒಬ್ಬ ಗಾರೆ ಮೇಸ್ತ್ರಿ.

ನಮ್ಮ ಮನೆಯ ಬಚ್ಚಲಲ್ಲಿ ನೀರು ನಿಲ್ಲುತ್ತಿತ್ತು. ಕಟ್ಟಿದವರನ್ನು ಕರೆಸಿ ಕೇಳಿದರೆ “ವಾಟ ಕೊಟ್ಟಿದ್ದೇವೆ” ಎಂದು ಹೇಳಿ ಹೋದರು. ವಾಟ ಎಂದರೆ ನಮ್ಮ ಗಾರೆ ಕೆಲಸದವರ ಮಾತಿನಲ್ಲಿ ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳುಕಲು. ತಾರಸಿಗೂ ವಾಟ, ಚರಂಡಿಗೂ ವಾಟ. ಪುಸ್ತಕದಲ್ಲಿ ಇಳಿಜಾರು ಎಂದು ಓದುವುದನ್ನೇ ಮೇಸ್ತ್ರಿಗಳು ವಾಟ ಎನ್ನುತ್ತಾರೆ. ನನ್ನ ತಾಯಿ ಆ ನಿಂತ ನೀರಿನಲ್ಲಿ ಎರಡು ಸಲ ಜಾರಿದರು. ಎರಡನೆಯ ಸಲ ಮಣಿಕಟ್ಟಿಗೆ ಪೆಟ್ಟಾಯಿತು. ಆಮೇಲೆ ಪಕ್ಕದ ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ.

ಅವರು ಚೀಲದಿಂದ ತೆಗೆದದ್ದು ಒಂದು ಉದ್ದನೆಯ ಪಾರದರ್ಶಕ ಪೈಪು. ಅದಕ್ಕೆ ನೀರು ತುಂಬಿಸಿದರು. ಒಳಗೆ ಗಾಳಿಗುಳ್ಳೆ ಉಳಿಯಬಾರದು ಎಂದು ಪೈಪನ್ನು ಬೆರಳಿನಿಂದ ತಟ್ಟುತ್ತಾ, ಸ್ವಲ್ಪ ಸ್ವಲ್ಪವೇ ಎತ್ತುತ್ತಾ, ಗುಳ್ಳೆಗಳನ್ನೆಲ್ಲ ಹೊರಗೆ ಬಿಟ್ಟರು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಬಾಗಿಲ ಬಳಿ ಗೋಡೆಗೆ ಹಿಡಿಯಲು ಹೇಳಿದರು. ಇನ್ನೊಂದು ತುದಿಯನ್ನು ತಾವೇ ನೀರು ಹೋಗುವ ಜಾಲರಿಯ ಮೇಲಿನ ಗೋಡೆಗೆ ಹಿಡಿದರು. ನೀರು ಎರಡು ತುದಿಯಲ್ಲೂ ಅಲುಗಾಡಿ, ಅಲುಗಾಡಿ, ನಿಂತಿತು. ಎರಡು ಗೋಡೆಯ ಮೇಲೂ ನೀರು ನಿಂತ ಕಡೆ ಪೆನ್ಸಿಲ್ ಗೆರೆ. ಎರಡು ಗೆರೆಯೂ ಒಂದೇ ಮಟ್ಟ. ಪೈಪಿನಲ್ಲಿರುವ ನೀರು ಎಷ್ಟು ಸುತ್ತಿ ಬಳಸಿ ಹೋದರೂ ಎರಡು ತೆರೆದ ತುದಿಗಳಲ್ಲಿ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನಾನು ಪಾಠದಲ್ಲಿ ನೂರು ಸಲ ಹೇಳಿದ್ದೆ, ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಆಮೇಲೆ ಟೇಪು. ಬಾಗಿಲ ಬಳಿ ಗೆರೆಯಿಂದ ನೆಲಕ್ಕೆ 36 ಇಂಚು. ಜಾಲರಿಯ ಬಳಿ ಗೆರೆಯಿಂದ ನೆಲಕ್ಕೆ 36 ಕಾಲು ಇಂಚು. ಬಾಗಿಲಿನಿಂದ ಜಾಲರಿಗೆ 8 ಅಡಿ. ಮೇಸ್ತ್ರಿ ಒಂದು ಕ್ಷಣವೂ ಯೋಚಿಸದೆ “ಎಂಟು ಅಡಿಗೆ ಒಂದು ಇಂಚಾದರೂ ಬೇಕು, ಇಲ್ಲಿ ಕಾಲಿಂಚು ಇದೆ ಮೇಷ್ಟ್ರೇ” ಎಂದರು.

ನೋಡಿ, ಅವರು ಹೇಳಿದ್ದರಲ್ಲಿ ಎರಡು ವ್ಯತ್ಯಾಸಗಳಿವೆ. ಎತ್ತರದ ವ್ಯತ್ಯಾಸ ಒಂದು, ಅಡ್ಡ ದೂರದ ವ್ಯತ್ಯಾಸ ಇನ್ನೊಂದು. ಇಳಿಜಾರು ಎಂದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ್ದು, ಅಷ್ಟೇ. ಭಾಗಿಸುವ ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. 8 ಅಡಿ ಎಂದರೆ 96 ಇಂಚು. ಕಾಲಿಂಚನ್ನು 96ರಿಂದ ಭಾಗಿಸಿದರೆ 384ಕ್ಕೆ 1. ಮೇಸ್ತ್ರಿಗೆ ಬೇಕಾಗಿದ್ದದ್ದು 96ಕ್ಕೆ 1. ಕಾಲು ಭಾಗ ಮಾತ್ರ ಇದೆ. ಅಡಿಯನ್ನು ಅಡಿಯಾಗಿಯೇ ಉಳಿಸಿ ಕಾಲನ್ನು ಎಂಟರಿಂದ ಭಾಗಿಸಿದವರಿಗೆ 32ಕ್ಕೆ 1 ಎಂದು ಬರುತ್ತದೆ. ಅದನ್ನು ನೋಡಿದರೆ ಒಳ್ಳೆಯ ವಾಟವೇ ಇದೆ ಎಂದು ತೋರುತ್ತದೆ! ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕಿದರೂ ಭಾಗಾಕಾರದಲ್ಲಿ ತಪ್ಪು ಸಿಗುವುದಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮೇಸ್ತ್ರಿ ಬಿಡಲಿಲ್ಲ. “ಕಾಲಿಂಚು ವಾಟ ಇದ್ದರೆ ನೀರು ನಿಧಾನವಾಗಿಯಾದರೂ ಹೋಗಬೇಕಿತ್ತು. ನಿಲ್ಲುತ್ತಿದೆ ಎಂದರೆ ಮಧ್ಯದಲ್ಲಿ ಏನೋ ಇದೆ” ಎಂದು ಪೈಪನ್ನು ತಂದು, ಬಾಗಿಲಿನಿಂದ 4 ಅಡಿಗೆ ಸರಿಯಾಗಿ, ಪಕ್ಕದ ಗೋಡೆಯ ಮೇಲೆ ಮೂರನೆಯ ಗೆರೆ ಹಾಕಿದರು. ಅಲ್ಲಿಂದ ನೆಲಕ್ಕೆ ಅಳೆದರೆ 36 ಇಂಚು ಮತ್ತು ಅದರ ಮೇಲೆ ಮೂರು ದೊರೆ. ಒಂದು ದೊರೆ ಎಂದರೆ ಇಂಚಿನ ಎಂಟನೆಯ ಒಂದು ಭಾಗ. ಕಾಲಿಂಚು ಎಂದರೆ ಎರಡು ದೊರೆ. ಅಂದರೆ ನೆಲದ ನಡುಭಾಗ ಜಾಲರಿಗಿಂತ ಒಂದು ದೊರೆ ತಗ್ಗಿನಲ್ಲಿತ್ತು. ಬಾಗಿಲಿನಿಂದ ನಡುವಿನ ತನಕ ನೆಲ 128ಕ್ಕೆ 1ರಂತೆ ಇಳಿಯುತ್ತಿತ್ತು. ನಡುವಿನಿಂದ ಜಾಲರಿಯ ತನಕ 384ಕ್ಕೆ 1ರಂತೆ ಏರುತ್ತಿತ್ತು. ನೀರು ಇನ್ನೆಲ್ಲಿಗೆ ಹೋಗಬೇಕು?

ಕಟ್ಟಿದವರು ಸುಳ್ಳು ಹೇಳಿರಲಿಲ್ಲ. ಎರಡು ತುದಿ ಹಿಡಿದು ಅಳೆದರೆ ವಾಟ ಜಾಲರಿಯ ಕಡೆಗೇ ಇತ್ತು. ಆದರೆ ಎರಡು ಬಿಂದುಗಳಿಂದ ಸಿಗುವ ಇಳಿಜಾರು ಆ ಎರಡು ಬಿಂದುಗಳ ನಡುವೆ ಎಳೆದ ಗೆರೆಯದು. ನೆಲವೂ ಆ ಗೆರೆಯಂತೆಯೇ ಇದೆ ಎಂದು ಹೇಳುವುದಕ್ಕೆ ಎರಡು ಬಿಂದು ಸಾಲದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇವತ್ತು ನಾನು ಹೇಳಬೇಕೆಂದಿರುವುದರಲ್ಲಿ ಹೆಚ್ಚಿನದು ಇಷ್ಟೇ.

ಈಗ ಗ್ರಾಫ್ ಹಾಳೆಗೆ ಬರೋಣ. ಎರಡು ಬಿಂದು ಗುರುತಿಸಿ. ಒಂದು (2, 3), ಇನ್ನೊಂದು (6, 11). ಮೊದಲ ಸಂಖ್ಯೆ ಎಕ್ಸ್, ಅಡ್ಡಕ್ಕೆ. ಎರಡನೆಯದು ವೈ, ಮೇಲಕ್ಕೆ. ಮೊದಲ ಬಿಂದುವಿನಿಂದ ಎರಡನೆಯದಕ್ಕೆ ನಡೆದುಹೋಗಿ. ಬಲಕ್ಕೆ 6ರಲ್ಲಿ 2 ಕಳೆದರೆ 4 ಮನೆ. ಮೇಲಕ್ಕೆ 11ರಲ್ಲಿ 3 ಕಳೆದರೆ 8 ಮನೆ. ಎಂಟನ್ನು ನಾಲ್ಕರಿಂದ ಭಾಗಿಸಿ, ಇಳಿಜಾರು 2. ಪುಸ್ತಕದಲ್ಲಿ ಬರೆಯುವುದು ಹೀಗೆ:

ಇಳಿಜಾರು = (ವೈ₂ − ವೈ₁) ÷ (ಎಕ್ಸ್₂ − ಎಕ್ಸ್₁)

ಆ 2 ಎಂಬ ಉತ್ತರಕ್ಕೆ ಒಂದು ಅರ್ಥವಿದೆ. ಈ ಗೆರೆಯ ಮೇಲೆ ಬಲಕ್ಕೆ ಒಂದು ಮನೆ ಸರಿದಾಗಲೆಲ್ಲ ಎರಡು ಮನೆ ಮೇಲೇರುತ್ತೇವೆ. ಎಲ್ಲಿಂದ ಹೊರಟರೂ ಹೀಗೆಯೇ. ಇದು ಯಾಕೆ ಎಲ್ಲ ಕಡೆಯೂ ಒಂದೇ ಎಂದು ಮಕ್ಕಳು ಕೇಳುವುದೇ ಇಲ್ಲ, ನಾವೂ ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಇದು. ಅದೇ ಗೆರೆಯ ಮೇಲೆ ನೀವು ಬೇರೆ ಎರಡು ಬಿಂದು ಹಿಡಿದಿದ್ದರೆ ಬೇರೆ ಉತ್ತರ ಬರುತ್ತಿರಲಿಲ್ಲ ಎಂದು ಏನು ಖಾತರಿ?

ಗೆರೆಗೆ ಆತುಕೊಂಡಂತೆ ಮೆಟ್ಟಿಲು ಬಿಡಿಸಿ. ಒಂದು ಕಡೆ ಸಣ್ಣ ಮೆಟ್ಟಿಲು, ಒಂದು ಮನೆ ಅಡ್ಡ, ಎರಡು ಮನೆ ಎತ್ತರ. ಇನ್ನೊಂದು ಕಡೆ ದೊಡ್ಡ ಮೆಟ್ಟಿಲು, ಮೂರು ಮನೆ ಅಡ್ಡ, ಆರು ಮನೆ ಎತ್ತರ. ಪ್ರತಿ ಮೆಟ್ಟಿಲೂ ಗೆರೆಯ ಜೊತೆ ಸೇರಿ ಒಂದು ಲಂಬಕೋನ ತ್ರಿಭುಜವಾಗುತ್ತದೆ. ಮೆಟ್ಟಿಲಿನ ಅಡ್ಡ ಗೆರೆಗಳೆಲ್ಲ ಒಂದಕ್ಕೊಂದು ಸಮಾಂತರ. ಸಮಾಂತರ ಗೆರೆಗಳನ್ನು ಒಂದೇ ನೇರ ಗೆರೆ ಕತ್ತರಿಸಿದಾಗ ಅನುರೂಪ ಕೋನಗಳು ಸಮ ಎಂಬುದನ್ನು ಓದಿದ್ದೀರಿ. ಹಾಗಾದರೆ ಈ ತ್ರಿಭುಜಗಳೆಲ್ಲ ಸಮರೂಪ. ಸಮರೂಪ ತ್ರಿಭುಜಗಳ ಬಾಹುಗಳ ಅನುಪಾತ ಒಂದೇ. ಎತ್ತರ ಭಾಗಿಸು ಅಡ್ಡ ಎಲ್ಲ ಮೆಟ್ಟಿಲಿನಲ್ಲೂ 2 ಬರುವುದು ಈ ಕಾರಣಕ್ಕೆ. ನೇರ ಗೆರೆ ಎಂಬುದರ ಗುಣವೇ ಇದು. ಗೆರೆ ಸ್ವಲ್ಪ ಬಾಗಿದರೂ ಈ ಮಾತು ಕೆಟ್ಟುಹೋಗುತ್ತದೆ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯರು ತಮ್ಮ ಗಣಿತ ಗ್ರಂಥದಲ್ಲಿ ತ್ರೈರಾಶಿಕವನ್ನು ವಿಸ್ತಾರವಾಗಿ ಹೇಳಿದ್ದಾರೆ. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂಬ ಲೆಕ್ಕ. ಎಂಟು ಅಡಿಗೆ ಒಂದಿಂಚು ವಾಟ ಆದರೆ ಹನ್ನೆರಡು ಅಡಿಗೆ ಎಷ್ಟು? ಒಂದೂವರೆ ಇಂಚು. ಇಳಿಜಾರಿನ ಒಳಗೆ ಕೂತಿರುವುದು ಈ ಹಳೆಯ ತ್ರೈರಾಶಿಕವೇ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರು ಎಕ್ಸ್, ವೈ ಕಂಡು ಹೆದರಿದವರಿರಬಹುದು. ತ್ರೈರಾಶಿಕಕ್ಕೆ ನೀವು ಯಾರೂ ಹೆದರುವುದಿಲ್ಲ. ಅಕ್ಕಿಯ ರೇಟು ದಿನಾ ಹಾಗೆಯೇ ಲೆಕ್ಕ ಹಾಕುತ್ತೀರಿ.

ಇನ್ನು ತಪ್ಪುಗಳ ಕಡೆಗೆ. ಒಬ್ಬ ಹುಡುಗಿಯ ಉತ್ತರ ಪತ್ರಿಕೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆಚ್ಚುಕಡಿಮೆ ಇದೇ ಲೆಕ್ಕ. ಮೇಲೆ 11ರಲ್ಲಿ 3 ಕಳೆದು 8 ಬರೆದಿದ್ದಳು. ಕೆಳಗೆ 2ರಲ್ಲಿ 6 ಕಳೆದು ಋಣ 4. ಉತ್ತರ ಋಣ 2. ಕಳೆಯುವುದು, ಭಾಗಿಸುವುದು, ಚಿಹ್ನೆ, ಒಂದೂ ತಪ್ಪಿಲ್ಲ. ತಪ್ಪು ಎಲ್ಲಿ ಎಂದು ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವಳಿಗೆ ತಿಳಿಯಲಿಲ್ಲ. “ಪುಸ್ತಕದಲ್ಲಿ ಯಾವ ಬಿಂದು ಮೊದಲು ತೆಗೆದುಕೊಂಡರೂ ಸರಿ ಎಂದಿದೆಯಲ್ಲ ಸಾರ್” ಎಂದಳು. ಹೌದು, ಯಾವುದನ್ನಾದರೂ ಮೊದಲು ತೆಗೆದುಕೊಳ್ಳಬಹುದು. ಆದರೆ ಮೇಲೆ ಒಂದು ಬಿಂದುವಿನಿಂದ ಹೊರಟು ಕೆಳಗೆ ಇನ್ನೊಂದರಿಂದ ಹೊರಡುವ ಹಾಗಿಲ್ಲ. ಬೆಟ್ಟ ಹತ್ತುವಾಗ ಏರಿದ ಎತ್ತರವನ್ನೂ ಇಳಿಯುವಾಗ ನಡೆದ ದಿಕ್ಕನ್ನೂ ಒಟ್ಟಿಗೆ ಸೇರಿಸಿದಂತೆ ಅದು. ಎರಡನ್ನೂ ತಿರುಗಿಸಿ, 3ರಲ್ಲಿ 11 ಹೋದರೆ ಋಣ 8, 2ರಲ್ಲಿ 6 ಹೋದರೆ ಋಣ 4, ಭಾಗಿಸಿದರೆ ಧನ 2. ಎರಡು ಋಣವೂ ಒಂದನ್ನೊಂದು ಹೊಡೆದುಹಾಕಿದವು. ಒಂದನ್ನೇ ತಿರುಗಿಸಿದರೆ ಋಣ ಉಳಿದುಬಿಡುತ್ತದೆ.

ಅವಳಿಗೆ ನಾನು ಹೇಳಿದ್ದು ಬಹಳ ಸಣ್ಣ ವಿಷಯ. ಸೂತ್ರ ಬರೆಯುವ ಮೊದಲು ಎರಡು ಬಿಂದು ಗುರುತಿಸಿ ಗೆರೆ ಎಳೆದು ನೋಡು. ಎಡದಿಂದ ಬಲಕ್ಕೆ ನೋಡಿದಾಗ ಗೆರೆ ಏರುತ್ತಿದೆಯೇ? ಹಾಗಾದರೆ ಇಳಿಜಾರು ಧನ. ಇಳಿಯುತ್ತಿದೆಯೇ? ಋಣ. ಚಿತ್ರ ಒಂದು ಹೇಳಿ ಲೆಕ್ಕ ಇನ್ನೊಂದು ಹೇಳಿದರೆ ನಿಲ್ಲು, ಹಿಂದಕ್ಕೆ ಹೋಗು. ಪರೀಕ್ಷೆಯಲ್ಲಿ ಇದಕ್ಕೆ ಹತ್ತು ಸೆಕೆಂಡು ಸಾಕು. ಮುಂದಿನ ಪರೀಕ್ಷೆಯಲ್ಲಿ ಅವಳ ಪತ್ರಿಕೆಯ ಅಂಚಿನಲ್ಲಿ ಬೆರಳುಗುರಿನಷ್ಟು ಸಣ್ಣ ಒಂದು ಚಿತ್ರ ಇತ್ತು. ಅದನ್ನು ನೋಡಿ ನನಗೆ ಆದ ಸಂತೋಷ ಇಂಥದ್ದು ಎಂದು ಹೇಳಲಾರೆ.

ಋಣ ಸಂಖ್ಯೆಗಳು ಬಂದಾಗ ಇನ್ನೊಂದು ಎಡವಟ್ಟು. (−3, 4) ಮತ್ತು (5, −2) ತೆಗೆದುಕೊಳ್ಳಿ. ಅಡ್ಡ ವ್ಯತ್ಯಾಸ 5ರಿಂದ −3 ಕಳೆಯಬೇಕು. ಅವಸರದಲ್ಲಿ ಬಹಳ ಮಕ್ಕಳು 5ರಲ್ಲಿ 3 ಕಳೆದು 2 ಎಂದು ಬರೆಯುತ್ತಾರೆ. ಬೆರಳಿಟ್ಟು ಎಣಿಸಿ. ಋಣ ಮೂರರಿಂದ ಸೊನ್ನೆಗೆ ಬರಲು 3 ಮನೆ, ಸೊನ್ನೆಯಿಂದ ಐದಕ್ಕೆ 5 ಮನೆ. ಒಟ್ಟು 8. ಋಣವನ್ನು ಕಳೆದರೆ ಕೂಡಿದಂತೆ ಎಂಬ ನಿಯಮ ಮರೆತರೂ ಎಣಿಕೆ ಕೈಬಿಡುವುದಿಲ್ಲ. ಎತ್ತರದ ವ್ಯತ್ಯಾಸ −2ರಿಂದ 4 ಕಳೆದರೆ −6. ಇಳಿಜಾರು −6 ಭಾಗಿಸು 8, ಅಂದರೆ ಋಣ ಮುಕ್ಕಾಲು. ಬಲಕ್ಕೆ ನಾಲ್ಕು ಮನೆ ಹೋದರೆ ಮೂರು ಮನೆ ಇಳಿಯುತ್ತೇವೆ. ಋಣ ಸಂಖ್ಯೆ ಬಂದ ಕಡೆ ಕಂಸ ಹಾಕಿಕೊಂಡು ಬರೆಯಿರಿ, ಇದೊಂದು ಅಭ್ಯಾಸ ಅರ್ಧ ತಪ್ಪುಗಳನ್ನು ತಪ್ಪಿಸುತ್ತದೆ.

ನೆಟ್ಟಗೆ ನಿಂತ ಗೆರೆಯ ಬಗ್ಗೆಯೂ ಒಂದು ಮಾತು. (4, 1) ಮತ್ತು (4, 9). ಅಡ್ಡಕ್ಕೆ ಸರಿದದ್ದು ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ಆದ್ದರಿಂದ ಈ ಗೆರೆಗೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲ. ಮಕ್ಕಳು ಇದನ್ನು ಇಳಿಜಾರು ಸೊನ್ನೆ ಎಂದು ಬರೆದುಬಿಡುತ್ತಾರೆ. ಸೊನ್ನೆ ಇಳಿಜಾರು ಎಂದರೆ ಮಟ್ಟಸ ನೆಲ, ನೀರು ಅಲುಗದೆ ನಿಲ್ಲುವ ನೆಲ. ನೆಟ್ಟಗಿನ ಗೆರೆ ಗೋಡೆ. ಮೇಸ್ತ್ರಿಗಳು ನೆಲಕ್ಕೆ ಪೈಪು ಹಿಡಿಯುತ್ತಾರೆ, ಗೋಡೆಗೆ ದಾರ ಕಟ್ಟಿದ ಗುಂಡು ಇಳಿಬಿಡುತ್ತಾರೆ. ಎರಡಕ್ಕೂ ಉಪಕರಣವೇ ಬೇರೆ.

ಈಗ ಸ್ವಲ್ಪ ದೂರ ಹೋಗಿಬರೋಣ. ಮೈಸೂರಿನಿಂದ ಊಟಿಗೆ ಹೋದವರು ಇಲ್ಲಿ ಬಹಳ ಜನ ಇದ್ದೀರಿ. ಅಲ್ಲಿನ ಪುಟಾಣಿ ರೈಲು ಮೆಟ್ಟುಪಾಳ್ಯದಿಂದ ಹೊರಡುತ್ತದೆ. ಮೆಟ್ಟುಪಾಳ್ಯ ಸಮುದ್ರಮಟ್ಟದಿಂದ 326 ಮೀಟರ್ ಎತ್ತರ, ಊಟಿ 2203 ಮೀಟರ್. ಹಳಿಯ ಉದ್ದ 46 ಕಿಲೋಮೀಟರ್. ಎರಡು ಬಿಂದು ಸಿಕ್ಕಿದವು. ಎತ್ತರದ ವ್ಯತ್ಯಾಸ 1877 ಮೀಟರ್. 46,000 ಮೀಟರಿನಿಂದ ಭಾಗಿಸಿದರೆ 0.0408, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಮೀಟರಿಗೆ ಒಂದು ಮೀಟರ್ ಏರು. ಹಳಿಯ ಉದ್ದ ನಿಜವಾಗಿ ಅಡ್ಡ ದೂರವಲ್ಲ, ಓರೆಯಾದ ದೂರ ಎಂದು ಯಾರಾದರೂ ಹೇಳಬಹುದು. ಸರಿಯಾದ ಮಾತು. ಆದರೆ ಇಷ್ಟು ಸಣ್ಣ ಇಳಿಜಾರಿನಲ್ಲಿ ಆ ಎರಡಕ್ಕೂ ಇರುವ ಅಂತರ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಉತ್ತರ ಬದಲಾಗುವುದಿಲ್ಲ.

ಇಪ್ಪತ್ತನಾಲ್ಕೂವರೆಗೆ ಒಂದು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಳಿ 50ಕ್ಕೆ 1ರ ಏರು. ಅದಕ್ಕೇ ಹೆಚ್ಚುವರಿ ಎಂಜಿನ್‌ಗಳು ಬೇಕಾಗುತ್ತವೆ. ಊಟಿಯದು ಅದರ ಎರಡರಷ್ಟು. ಹಾಗಿದ್ದರೂ ಊಟಿ ರೈಲಿನ ವಿಚಾರ ಈ ಸಂಖ್ಯೆಯಿಂದ ತಿಳಿಯುವುದಿಲ್ಲ. ಆ ರೈಲಿಗೆ ಹಳಿಯ ನಡುವೆ ಹಲ್ಲುಗಳಿರುವ ಇನ್ನೊಂದು ಪಟ್ಟಿ ಇದೆ. ಎಂಜಿನಿನ ಕೆಳಗಿನ ಹಲ್ಲುಗಾಲಿ ಅದಕ್ಕೆ ಕಚ್ಚಿಕೊಂಡು ಮೇಲೇರುತ್ತದೆ. ಈ ಹಲ್ಲಿನ ಪಟ್ಟಿ ದಾರಿಯುದ್ದಕ್ಕೂ ಇಲ್ಲ. ಮೆಟ್ಟುಪಾಳ್ಯದಿಂದ ಕಲ್ಲಾರ್ ತನಕ ಬೆಟ್ಟದ ಬುಡದ ಸಾಧಾರಣ ದಾರಿ. ಕಲ್ಲಾರಿನಿಂದ ಕೂನೂರಿನ ತನಕ ಹಲ್ಲಿನ ಪಟ್ಟಿ. ಅಲ್ಲಿ ಏರು 12ಕ್ಕೆ 1ರ ವರೆಗೂ ಹೋಗುತ್ತದೆ. ಕೂನೂರು ದಾಟಿದ ಮೇಲೆ ಹಲ್ಲಿನ ಪಟ್ಟಿ ಬೇಕಿಲ್ಲ. 1899ರಲ್ಲಿ ಕೂನೂರಿನ ತನಕ, 1908ರಲ್ಲಿ ಊಟಿಯ ತನಕ ರೈಲು ಬಂತು. ಎರಡು ತುದಿಯ ಎತ್ತರ ಮಾತ್ರ ನೋಡಿಕೊಂಡು ಇಪ್ಪತ್ತನಾಲ್ಕೂವರೆಗೆ ಒಂದರ ಏರು ಹತ್ತಬಲ್ಲ ಎಂಜಿನ್ ತಂದಿದ್ದರೆ ಅದು ಕಲ್ಲಾರ್ ಆಚೆ ನಿಂತುಬಿಡುತ್ತಿತ್ತು. ಬಚ್ಚಲಿನ ಮೂರನೆಯ ಗೆರೆಯಂತೆ ಇಲ್ಲಿ ಕಲ್ಲಾರ್ ಒಂದು ಬಿಂದು, ಕೂನೂರು ಒಂದು ಬಿಂದು. ಎರಡು ತುದಿಗಳಿಂದ ಸಿಕ್ಕಿದ್ದು ಸರಾಸರಿ. ಎಂಜಿನ್ ಸರಾಸರಿಯನ್ನು ಹತ್ತುವುದಿಲ್ಲ, ತನ್ನ ಗಾಲಿಯ ಕೆಳಗಿನ ಏರನ್ನು ಹತ್ತುತ್ತದೆ.

ಇಳಿಜಾರು ಎಂದರೆ ಬೆಟ್ಟ, ನೆಲ, ರಸ್ತೆ ಮಾತ್ರ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಪ್ರತಿದಿನ ಪತ್ರಿಕೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯ, ಮೈಸೂರಿನ ಮಕ್ಕಳಿಗೆ ಮಗ್ಗಿಯಂತೆ ಬಾಯಿಗೆ ಬರುತ್ತದೆ. ಒಂದು ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಸೋಮವಾರ ಬೆಳಿಗ್ಗೆ 98 ಅಡಿ, ಶುಕ್ರವಾರ ಬೆಳಿಗ್ಗೆ 106 ಅಡಿ. ಅಡ್ಡ ಅಕ್ಷದಲ್ಲಿ ದಿನ, ಮೇಲಿನ ಅಕ್ಷದಲ್ಲಿ ಅಡಿ. ನಾಲ್ಕು ದಿನಕ್ಕೆ 8 ಅಡಿ, ಇಳಿಜಾರು ದಿನಕ್ಕೆ 2 ಅಡಿ. ಬಚ್ಚಲಿನ ಲೆಕ್ಕದಲ್ಲಿ ಇಂಚಿಗೆ ಇಂಚು ಹೊಡೆದುಹೋಗಿ ಬರೀ ಸಂಖ್ಯೆ ಉಳಿದಿತ್ತು. ಇಲ್ಲಿ ಹಾಗಿಲ್ಲ, ದಿನಕ್ಕೆ ಅಡಿ ಎಂದು ಅಳತೆಯ ಹೆಸರು ಜೊತೆಯಲ್ಲೇ ಬರುತ್ತದೆ. ಬರೀ 2 ಎಂದು ಬರೆದರೆ ಅರ್ಧ ಉತ್ತರ.

ಇನ್ನು ತುಂಬಬೇಕಾದದ್ದು 18.80 ಅಡಿ. ದಿನಕ್ಕೆ ಎರಡಡಿಯಂತೆ ಒಂಬತ್ತೂವರೆ ದಿನಕ್ಕೆ ಅಣೆಕಟ್ಟು ತುಂಬುತ್ತದೆ ಎಂದು ಹೇಳಬಹುದೇ? ಹೇಳುವ ಮೊದಲು ಬುಧವಾರದ ಪತ್ರಿಕೆ ತೆಗೆಯಿರಿ. ಬುಧವಾರ 103 ಅಡಿ ಇತ್ತು ಎನ್ನಿ. ಮೊದಲ ಎರಡು ದಿನದಲ್ಲಿ 5 ಅಡಿ, ದಿನಕ್ಕೆ ಎರಡೂವರೆ. ಆಮೇಲಿನ ಎರಡು ದಿನದಲ್ಲಿ 3 ಅಡಿ, ದಿನಕ್ಕೆ ಒಂದೂವರೆ. ವೇಗ ತಗ್ಗುತ್ತಿದೆ. ಒಂದೂವರೆಯಂತೆಯೇ ಮುಂದುವರಿದರೂ ಹನ್ನೆರಡೂವರೆ ದಿನ ಬೇಕು. ಅದೂ ಕೊಡಗಿನಲ್ಲಿ ಮಳೆ ಹೀಗೆಯೇ ಇದ್ದರೆ. ಇನ್ನೊಂದು ಕಾರಣವೂ ಇದೆ. ಅಣೆಕಟ್ಟಿನ ಹಿಂದಿನ ಕಣಿವೆ ಬಾಣಲೆಯಂತೆ, ಮೇಲೆ ಹೋದಷ್ಟೂ ಅಗಲ. ಅಷ್ಟೇ ನೀರು ಹರಿದುಬಂದರೂ ಕೆಳಗೆ ಇದ್ದಾಗ ಮಟ್ಟ ಬೇಗ ಏರುತ್ತದೆ, ಮೇಲೆ ಬಂದಾಗ ನಿಧಾನವಾಗುತ್ತದೆ. ಬಾಣಲೆಗೆ ಒಂದೇ ಲೋಟದಿಂದ ನೀರು ಹಾಕುತ್ತಾ ಹೋಗಿ, ಸ್ಕೇಲು ಇಟ್ಟು ನೋಡಿ, ಗೊತ್ತಾಗುತ್ತದೆ. ಎರಡು ಬಿಂದುಗಳ ನಡುವಿನದನ್ನು ಅಂದಾಜು ಮಾಡುವುದೇ ಎಚ್ಚರಿಕೆಯ ಕೆಲಸ. ಆಚೆಗೆ ಗೆರೆ ಎಳೆದುಕೊಂಡು ಹೋಗುವುದು ಇನ್ನೂ ಹೆಚ್ಚು ಎಚ್ಚರ ಬೇಡುತ್ತದೆ. ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಎರಡು ವರ್ಷದ ಸಂಖ್ಯೆ ಇಟ್ಟುಕೊಂಡು ಮುಂದಿನ ಹತ್ತು ವರ್ಷದ ಭವಿಷ್ಯ ಹೇಳುವವರನ್ನು ಕಂಡಾಗ ಕೇಳಿ: ನಡುವಿನ ವರ್ಷದ ಸಂಖ್ಯೆ ಎಲ್ಲಿ?

ಅಳೆಯುವವರಿಗೆ ಇನ್ನೊಂದು ಮಾತು ಹೇಳಬೇಕು. ಬಚ್ಚಲಿನಲ್ಲಿ ನಾನು ಮೇಸ್ತ್ರಿಯನ್ನು ಕೇಳಿದ್ದೆ, “ಇಷ್ಟುದ್ದದ ಪೈಪು ಯಾಕೆ, ಒಂದು ಅಡಿಯ ರಸಮಟ್ಟ ಇಟ್ಟು ನೋಡಿದರೆ ಸಾಲದೇ?” ಎಂದು. “ಸಣ್ಣದರಲ್ಲಿ ಸಣ್ಣ ತಪ್ಪೇ ದೊಡ್ಡದಾಗುತ್ತದೆ” ಎಂದಷ್ಟೇ ಹೇಳಿ ಅವರು ಕೆಲಸಕ್ಕೆ ಹೋದರು. ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಟೇಪು ಓದುವಾಗ ಒಂದು ದೊರೆ ತಪ್ಪುವುದು ಸಹಜ. ಎರಡು ಬಿಂದುಗಳ ನಡುವೆ ಒಂದೇ ಅಡಿ, ಅಂದರೆ 12 ಇಂಚು ಇದ್ದರೆ ಆ ಒಂದು ದೊರೆಯ ತಪ್ಪು ಇಳಿಜಾರಿನಲ್ಲಿ 96ಕ್ಕೆ 1ರಷ್ಟಾಗುತ್ತದೆ. ನಮಗೆ ಬೇಕಾದ ವಾಟವೇ 96ಕ್ಕೆ 1! ತಪ್ಪು ಅಳೆಯಬೇಕಾದ ವಸ್ತುವಿನಷ್ಟೇ ದೊಡ್ಡದಾಯಿತು. ಇದ್ದ ವಾಟ ಇಲ್ಲ ಎಂದೂ ಇಲ್ಲದ್ದು ಇದೆ ಎಂದೂ ಕಾಣಬಹುದು. ಅದೇ ತಪ್ಪು 8 ಅಡಿಯ ಮೇಲೆ 768ಕ್ಕೆ 1, ಎಂಟನೆಯ ಒಂದು ಭಾಗ. ಪ್ರಯೋಗಶಾಲೆಯಲ್ಲಿ ಗ್ರಾಫಿನಿಂದ ಇಳಿಜಾರು ತೆಗೆಯುವ ಮಕ್ಕಳು ಇದನ್ನು ನೆನಪಿಡಿ. ಗೆರೆಯ ಮೇಲೆ ಒತ್ತೊತ್ತಿಗೆ ಇರುವ ಎರಡು ಬಿಂದು ಹಿಡಿಯಬೇಡಿ, ಎರಡು ತುದಿಗೆ ಹತ್ತಿರದವನ್ನು ಹಿಡಿಯಿರಿ. ದೂರದ ಎರಡು ಬಿಂದುಗಳಿಂದ ಲೆಕ್ಕ, ನಡುವಿನ ಒಂದು ಬಿಂದುವಿನಿಂದ ತಾಳೆ.

ಬಚ್ಚಲನ್ನು ಆಮೇಲೆ ಏನು ಮಾಡಿದಿರಿ ಎಂದು ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಕೇಳುತ್ತಿದ್ದಾರೆ. ಹಳೆಯ ಟೈಲ್ಸ್ ಕಿತ್ತು ಮತ್ತೆ ಹಾಸಿದೆವು ತಾಯಿ. ಮುಗಿದ ಮೇಲೆ ಮೇಸ್ತ್ರಿ ಅದೇ ಗೆರೆಗಳಿಂದ ಅಳೆದು ತೋರಿಸಿದರು. ಬಾಗಿಲಲ್ಲಿ 36, ನಡುವೆ 36 ಮುಕ್ಕಾಲಿಗೆ ಸ್ವಲ್ಪ ಕಡಿಮೆ ಬಂತು. ಅವರು ತಲೆಯಲ್ಲಾಡಿಸಿ, ಇನ್ನೂ ಹಸಿಯಾಗಿದ್ದ ಎರಡು ಟೈಲ್ಸ್ ಎಬ್ಬಿಸಿ, ಕೆಳಗೆ ಗಾರೆ ತುಂಬಿ, ಮತ್ತೆ ಕೂರಿಸಿದರು. ಈಗ ನಡುವೆ 36ವರೆ, ಜಾಲರಿಯ ಬಳಿ 37. ಆಮೇಲೆ ಒಂದು ಚೊಂಬು ನೀರು ಬಾಗಿಲ ಬಳಿ ಸುರಿದು, ಅದು ಎಲ್ಲಿಯೂ ನಿಲ್ಲದೆ ಜಾಲರಿಗೆ ಇಳಿಯುವುದನ್ನು ನನ್ನ ತಾಯಿ ಬಾಗಿಲಲ್ಲಿ ನಿಂತು ನೋಡಿದರು. ಇನ್ನೊಂದು ಚೊಂಬು ಹಾಕಿ ಎಂದರು.

ಹುಡುಗರು ಬಂದರು. ಬನ್ನಿ, ಮೇಲೆ ಬನ್ನಿ. ಪ್ಯಾಂಟೆಲ್ಲ ನೀರು ಮಾಡಿಕೊಂಡಿದ್ದಾರೆ, ಪೈಪಿನಿಂದ ಗುಳ್ಳೆ ತೆಗೆಯುವಾಗ ಆಗಿರಬೇಕು. ಏನು ಬಂತು? ದಾರಿ ಶುರುವಾಗುವಲ್ಲಿಂದ ಮೇಲಿನ ಕಟ್ಟೆಯ ತನಕ ಎತ್ತರ 45 ಸೆಂಟಿಮೀಟರ್. ನೆಲದ ಮೇಲೆ ಅಳೆದ ಅಡ್ಡ ದೂರ 405 ಸೆಂಟಿಮೀಟರ್. ಎಲ್ಲರೂ ಹೇಳಿ, ಎಷ್ಟು? 45ನ್ನು 405ರಿಂದ ಭಾಗಿಸಿದರೆ 9ಕ್ಕೆ 1. ಗಾಲಿಕುರ್ಚಿಯ ದಾರಿಗೆ ಒಪ್ಪಿಕೊಂಡಿರುವ ಅಳತೆ 12ಕ್ಕೆ 1, ಅದಕ್ಕಿಂತ ಕಡಿದಾಗಿರಬಾರದು. 45 ಸೆಂಟಿಮೀಟರ್ ಏರಬೇಕಾದರೆ 540 ಸೆಂಟಿಮೀಟರ್ ಉದ್ದ ಬೇಕು. ಇಲ್ಲಿ 135 ಸೆಂಟಿಮೀಟರ್ ಕಡಿಮೆ ಇದೆ. ಬೆಳಿಗ್ಗೆ ಕುರ್ಚಿ ಜಾರಿದ್ದು ತಳ್ಳುವವರ ಕೈಬಲ ಸಾಲದೆ ಅಲ್ಲ.

ಇವರ ಹಾಳೆಯಲ್ಲಿ ಇನ್ನೊಂದು ಸಾಲು ಇದೆ. ನಾನು ಹೇಳಿಕಳಿಸಿದ್ದು ಎರಡು ಬಿಂದು ಮಾತ್ರ. ಇವರು ಮೂರನೆಯದನ್ನೂ ಅಳೆದು ತಂದಿದ್ದಾರೆ! ಯಾಕಪ್ಪಾ ಅಳೆದೆ? “ಮಧ್ಯದಲ್ಲಿ ಸ್ವಲ್ಪ ಉಬ್ಬಿದ ಹಾಗೆ ಕಂಡಿತು ಸಾರ್” ಅನ್ನುತ್ತಿದ್ದಾನೆ. ಕೆಳಗಿನಿಂದ 200 ಸೆಂಟಿಮೀಟರ್ ದೂರದಲ್ಲಿ ಎತ್ತರ ಆಗಲೇ 27 ಸೆಂಟಿಮೀಟರ್. ನೇರ ಗೆರೆಯಾಗಿದ್ದರೆ ಅಲ್ಲಿ 22 ಇರಬೇಕಿತ್ತು. ಕೆಳಗಿನ ಅರ್ಧದಲ್ಲಿ 200ಕ್ಕೆ 27, ಅಂದರೆ ಸುಮಾರು ಏಳೂವರೆಗೆ 1. ಮೇಲಿನ ಅರ್ಧದಲ್ಲಿ 205ಕ್ಕೆ 18, ಸುಮಾರು ಹನ್ನೊಂದೂವರೆಗೆ 1. ಅಜ್ಜಿಯ ಕುರ್ಚಿ ಅರ್ಧ ದಾರಿಯ ಒಳಗೇ ಹಿಂದಕ್ಕೆ ಬಂದದ್ದು ಇದಕ್ಕೆ.

ಭವನದ ಕಾರ್ಯದರ್ಶಿಗಳು ಇಲ್ಲೇ ಕುಳಿತಿದ್ದಾರೆ. ಹುಡುಗರ ಹಾಳೆಯನ್ನು ಅವರ ಕೈಗೆ ಕೊಡುತ್ತಿದ್ದೇನೆ. ಮೂರು ಬಿಂದುಗಳೂ ಅದರಲ್ಲಿವೆ. ದಾರಿಯನ್ನು ಮುಂದಕ್ಕೆ 135 ಸೆಂಟಿಮೀಟರ್ ಎಳೆಯಲು ಅಂಗಳದಲ್ಲಿ ಜಾಗ ಇದೆಯೇ ಎಂದು ಅವರು ಕೇಳುತ್ತಿದ್ದಾರೆ. ಟೇಪು ಹುಡುಗರ ಹತ್ತಿರವೇ ಇದೆ. ಹೋಗಿ, ಅಳೆದುಕೊಂಡು ಬನ್ನಿ. ಈ ಸಲ ಕಾರ್ಯದರ್ಶಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಪೈಪಿನ ಒಂದು ತುದಿ ಹಿಡಿಯಲು ಒಬ್ಬರು ಬೇಕಾಗುತ್ತದೆ.